ಹದಿಮೂರು ದ್ರವ್ಯಗಳ ಪೆಟ್ಟಿಗೆ: ಚೀನೀ ಔಷಧ ಮತ್ತು ಉಸಿರಾಟದ ವೈರಸ್ಸುಗಳು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ವಿಜ್ಞಾನ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಆಡುವಾಗ ಹಿಂದುಮುಂದಾದದ್ದನ್ನು ಸ್ವಲ್ಪ ಸರಿಪಡಿಸಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

2020ರ ಜನವರಿ 31, ಶುಕ್ರವಾರ ರಾತ್ರಿ. ವುಹಾನ್ ನಗರಕ್ಕೆ ಬೀಗ ಬಿದ್ದು ಎಂಟು ದಿನವಾಗಿತ್ತು. ಮನೆಯಿಂದ ಹೊರಗೆ ಬರಬೇಡಿ, ಗುಂಪು ಸೇರಬೇಡಿ ಎಂದು ಚೀನಾದ ಸರ್ಕಾರ ಹಗಲಿರುಳು ಸಾರುತ್ತಿದ್ದ ಹೊತ್ತು. ಆ ರಾತ್ರಿ ಸರ್ಕಾರಿ ಸುದ್ದಿಸಂಸ್ಥೆ ಷಿನ್‌ಹುವಾ ಒಂದು ಸಣ್ಣ ಸುದ್ದಿಯನ್ನು ಬಿಟ್ಟಿತು. ಶಾಂಘೈನ ಔಷಧ ಸಂಶೋಧನಾಲಯದವರೂ ವುಹಾನಿನ ವೈರಾಣು ಸಂಸ್ಥೆಯವರೂ ಸೇರಿ ನಡೆಸಿದ ಪ್ರಾಥಮಿಕ ಪರೀಕ್ಷೆಯಲ್ಲಿ, ಶುವಾಂಗ್‌ಹುವಾಂಗ್‌ಲಿಯಾನ್ ಎಂಬ ಗಿಡಮೂಲಿಕೆಯ ದ್ರವ ಹೊಸ ವೈರಸ್ಸನ್ನು ತಡೆಯುವಂತೆ ಕಂಡಿದೆ ಎಂದು. ಅಷ್ಟೇ ಸಾಕಾಯಿತು. ಮನೆಯಲ್ಲಿರಬೇಕಾಗಿದ್ದ ಜನ ನಡುರಾತ್ರಿಯ ಚಳಿಯಲ್ಲಿ ಔಷಧದಂಗಡಿಗಳ ಮುಂದೆ ಒಬ್ಬರ ಬೆನ್ನಿಗೊಬ್ಬರು ನಿಂತರು. ಆನ್‌ಲೈನ್ ಅಂಗಡಿಗಳಲ್ಲಿ ದಾಸ್ತಾನು ಮುಗಿಯಿತು. ಅದೇ ಹೆಸರಿನ ದನಕರುಗಳ ಔಷಧವೂ ಖಾಲಿಯಾಯಿತು. ಎರಡು ಮೊಟ್ಟೆಯ ಹಳದಿ ಇಟ್ಟು ತಾವರೆ ಬೀಜದ ಹೂರಣ ತುಂಬಿದ ಒಂದು ಬಗೆಯ ಕಡುಬಿದೆ. ಅದರ ಚೀನೀ ಹೆಸರಿನ ಮೊದಲ ಮೂರು ಅಕ್ಷರಗಳು ಕೇಳಲು ಈ ಔಷಧದ ಹೆಸರಿನಂತೆಯೇ ಇವೆ. ಅದೂ ಮಾರಾಟವಾಗಿಹೋಯಿತೆಂದು ಜನ ಮರುದಿನ ನಕ್ಕರು. ಅಷ್ಟರಲ್ಲಿ ಕಮ್ಯುನಿಸ್ಟ್ ಪಕ್ಷದ ಮುಖಪತ್ರಿಕೆಯೇ ಸಮಜಾಯಿಷಿ ಕೊಡಬೇಕಾಗಿ ಬಂದಿತ್ತು: ತಡೆಯುತ್ತದೆ ಎಂದರೆ ರೋಗ ಬಾರದಂತೆ ಕಾಯುತ್ತದೆ, ಬಂದರೆ ವಾಸಿಮಾಡುತ್ತದೆ ಎಂದರ್ಥವಲ್ಲ.

ನಾನು ವೈದ್ಯನಲ್ಲ, ಔಷಧಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು. ಮೂವತ್ತು ವರ್ಷ ತರಗತಿಯಲ್ಲಿ ಒದ್ದಾಡಿ ಹೇಳುತ್ತಿದ್ದದ್ದನ್ನು ಆ ಪತ್ರಿಕೆ ಒಂದು ಸಾಲಿನಲ್ಲಿ ಹೇಳಿತು ಎಂದು ಅಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಸಾಬೂನಿನ ನೀರು ಸುರಿದರೂ ವೈರಸ್ಸು ಸಾಯುತ್ತದೆ. ತಟ್ಟೆಗೆ ಹೊಟ್ಟೆಯಿಲ್ಲ, ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕ ಬಂದಾಗ ಜರ್ಮನಿಯ ಫ್ರಾಂಕ್‌ಫರ್ಟಿನ ಸಂಶೋಧಕರು ನಮ್ಮ ಜ್ಯೇಷ್ಠಮಧುವಿನ ಗ್ಲಿಸಿರೈಜಿನ್ ಆ ವೈರಸ್ಸನ್ನು ತಟ್ಟೆಯಲ್ಲಿ ಹತ್ತಿಕ್ಕುತ್ತದೆಂದು ತೋರಿಸಿದರು. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಅದಕ್ಕೆ ಬೇಕಾದ ಸಾಂದ್ರತೆ ಬಹಳ ಹೆಚ್ಚು. ಕಷಾಯ ಕುಡಿದು ರಕ್ತದಲ್ಲಿ ಅಷ್ಟನ್ನು ತಂದುಕೊಳ್ಳಲು ಹೊರಟರೆ ಅದಕ್ಕೆ ಮೊದಲು ರಕ್ತದೊತ್ತಡ ಏರಿ, ಪೊಟ್ಯಾಸಿಯಂ ಇಳಿದು ಆಸ್ಪತ್ರೆ ಸೇರಬೇಕಾಗುತ್ತದೆ.

ಚೀನೀ ಔಷಧ ಕೆಲಸ ಮಾಡುತ್ತದೆಯೇ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ಆ ಪ್ರಶ್ನೆಗೆ ಉತ್ತರವಿಲ್ಲ. ಅಡುಗೆ ರುಚಿಯಾಗಿರುತ್ತದೆಯೇ ಎಂದು ಕೇಳಿದಂತೆ ಅದು. ಯಾವ ಔಷಧ, ಯಾರಿಗೆ, ರೋಗದ ಯಾವ ದಿನ, ಯಾವುದರ ಜೊತೆ ಹೋಲಿಸಿ? ಈ ಪ್ರಶ್ನೆಗಳನ್ನು ಆಧುನಿಕ ವಿಜ್ಞಾನ ಮಾತ್ರ ಕೇಳುತ್ತದೆ ಎಂದುಕೊಂಡರೆ ತಪ್ಪು. ಚೀನೀ ವೈದ್ಯರೇ ಹದಿನೆಂಟು ಶತಮಾನಗಳಿಂದ ಇವುಗಳ ಮೇಲೆ ಜಗಳವಾಡಿಕೊಂಡು ಬಂದಿದ್ದಾರೆ.

ಕ್ರಿ.ಶ. 200ರ ಆಸುಪಾಸಿನಲ್ಲಿ ಬದುಕಿದ್ದ ಝಾಂಗ್ ಝೋಂಗ್‌ಜಿಂಗ್ ತನ್ನ ಗ್ರಂಥದ ಮುನ್ನುಡಿಯಲ್ಲಿ ಒಂದು ಲೆಕ್ಕ ಕೊಡುತ್ತಾನೆ. ಅವನ ಕುಲದಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದರು. ಹತ್ತು ವರ್ಷ ತುಂಬುವ ಮೊದಲೇ ಮೂರರಲ್ಲಿ ಎರಡು ಪಾಲು ಜನ ಸತ್ತರು, ಸತ್ತ ಹತ್ತರಲ್ಲಿ ಏಳು ಮಂದಿ 'ಷಾಂಗ್‌ಹಾನ್'ನಿಂದ. ಆ ಪದದ ಅರ್ಥ ಶೀತದ ಪೆಟ್ಟು. ನಾವು ಮಳೆಯಲ್ಲಿ ನೆನೆದ ಮಗುವಿಗೆ ಶೀತವಾಗಿದೆ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಜಾಡು. ಆ ದುಃಖದಲ್ಲಿ ಅವನು ಬರೆದದ್ದು 'ಷಾಂಗ್‌ಹಾನ್ ಲುನ್'. ಜ್ವರ ಒಳಗಿಳಿಯುವ ಆರು ಹಂತಗಳನ್ನು ಗುರುತಿಸಿ, ಬೆವರಿದೆಯೋ ಇಲ್ಲವೋ, ನಾಡಿ ಮೇಲೆ ತೇಲುತ್ತಿದೆಯೋ ಮುಳುಗಿದೆಯೋ ಎಂದು ನೋಡಿ ಒಂದೊಂದಕ್ಕೂ ಬೇರೆ ಬೇರೆ ಕಷಾಯ ಹೇಳಿದ. ಬೆವರುತ್ತಿರುವವನಿಗೆ ಬೆವರಿಸುವ ಔಷಧ ಕೊಟ್ಟು ಕೊಲ್ಲಬೇಡಿ ಎಂಬ ಎಚ್ಚರಿಕೆ ಆ ಪುಸ್ತಕದ ಉದ್ದಕ್ಕೂ ಇದೆ.

ಹದಿನಾಲ್ಕು ಶತಮಾನ ಕಳೆದು, ಮಿಂಗ್ ಅರಸೊತ್ತಿಗೆ ಕುಸಿಯುತ್ತಿದ್ದ ದಿನಗಳಲ್ಲಿ ದೊಡ್ಡ ಸಾಂಕ್ರಾಮಿಕವೊಂದು ಹಬ್ಬಿತು. ವು ಯೂಕೆ ಎಂಬ ವೈದ್ಯ ನೋಡುತ್ತಾನೆ: ಎಲ್ಲರೂ ಹಳೆಯ ಶೀತದ ಕಷಾಯಗಳನ್ನೇ ಕುಡಿಸುತ್ತಿದ್ದಾರೆ, ಜನ ಸಾಯುತ್ತಲೇ ಇದ್ದಾರೆ. 1642ರಲ್ಲಿ ಅವನು ಬರೆದ ಪುಸ್ತಕದಲ್ಲಿ, ಇದು ಚಳಿಯಿಂದಲೂ ಅಲ್ಲ, ಋತು ಕೆಟ್ಟದ್ದರಿಂದಲೂ ಅಲ್ಲ, ಬಾಯಿ ಮೂಗುಗಳಿಂದ ಒಳಹೊಕ್ಕುವ ಬೇರೆಯದೇ ಆದ ಒಂದು ಕೆಟ್ಟ ಕಸುವಿನಿಂದ ಬರುವ ರೋಗ ಎಂದು ವಾದಿಸಿದ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಪುರಾತನ ಜ್ಞಾನ ಎಂದೊಡನೆ ಕೈಮುಗಿಯುವವರು ಗಮನಿಸಬೇಕಾದದ್ದು, ಆ ಪರಂಪರೆಯ ಒಳ್ಳೆಯ ಪುಸ್ತಕಗಳೆಲ್ಲ ಹಿಂದಿನವರು ಎಲ್ಲಿ ತಪ್ಪಿದರು ಎಂಬ ತಕರಾರಿನಿಂದ ಹುಟ್ಟಿದವು. ಈಗ ನಾವು ಒಂದೇ ಹೆಸರಿನಲ್ಲಿ ಕರೆಯುವ 'ಸಾಂಪ್ರದಾಯಿಕ ಚೀನೀ ವೈದ್ಯ' ಎಂಬ ಒಪ್ಪಓರಣದ ಪಠ್ಯಕ್ರಮ ಬಹುಮಟ್ಟಿಗೆ 1950ರ ದಶಕದಲ್ಲಿ ಕಮ್ಯುನಿಸ್ಟ್ ಸರ್ಕಾರ ಕಟ್ಟಿದ್ದು. ಬೀಜಿಂಗ್, ಶಾಂಘೈ, ಗುವಾಂಗ್‌ಝೌ, ಚೆಂಗ್ಡುಗಳಲ್ಲಿ ಅದರ ಕಾಲೇಜುಗಳು ತೆರೆದದ್ದು 1956ರಲ್ಲಿ. ನಮ್ಮ ಜೀವ ವಿಮಾ ನಿಗಮ ಹುಟ್ಟಿದ ವರ್ಷ ಎಂದರೆ ನೆನಪಿನಲ್ಲಿ ಉಳಿದೀತು.

ಷಾಂಗ್‌ಹಾನ್ ಲುನ್‌ನಲ್ಲಿ ನಾಲ್ಕೇ ದ್ರವ್ಯಗಳ ಒಂದು ಕಷಾಯವಿದೆ. ಮಾಹುವಾಂಗ್, ಕಹಿ ಏಪ್ರಿಕಾಟ್ ಬೀಜ, ಜಿಪ್ಸಂ ಕಲ್ಲು, ಜ್ಯೇಷ್ಠಮಧು. ಜಿಪ್ಸಂ ಎಂದರೆ ಬೇರೆ ಏನೂ ಅಲ್ಲ, ನಾನು ಜೀವಮಾನವೆಲ್ಲ ಕರಿಹಲಗೆಯ ಮೇಲೆ ಗೀಚಿದ ಸೀಮೆಸುಣ್ಣದ ಮೂಲವಸ್ತು. ಈ ನಾಲ್ಕರಲ್ಲಿ ನನ್ನ ಕಣ್ಣು ಮಾಹುವಾಂಗ್ ಮೇಲೆ. ಎಫೆಡ್ರಾ ಎಂಬ ಎಲೆಯೇ ಇಲ್ಲದಂತೆ ಕಾಣುವ ಒಣಭೂಮಿಯ ಪೊದೆ ಅದು. 1885ರಲ್ಲಿ ಜಪಾನಿನ ನಾಗಾಯಿ ನಾಗಯೋಶಿ ಅದರಿಂದ ಎಫೆಡ್ರಿನ್ ಬೇರ್ಪಡಿಸಿದ. 1920ರ ದಶಕದಲ್ಲಿ ಬೀಜಿಂಗಿನ ಪೀಕಿಂಗ್ ಯೂನಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕೆ. ಕೆ. ಚೆನ್ ಮತ್ತು ಕಾರ್ಲ್ ಷ್ಮಿಟ್ ಅದು ಶ್ವಾಸನಾಳವನ್ನು ಹಿಗ್ಗಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ, ಅಡ್ರಿನಲಿನ್‌ಗೆ ಭಿನ್ನವಾಗಿ ಬಾಯಿಯ ಮೂಲಕ ಕೊಟ್ಟರೂ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಕೆಲವೇ ವರ್ಷಗಳಲ್ಲಿ ಅದು ಜಗತ್ತಿನ ಆಸ್ತಮಾ ರೋಗಿಗಳ ಔಷಧವಾಯಿತು. ಆಮೇಲೆ ಅಮೆರಿಕದಲ್ಲಿ ಅದೇ ಗಿಡವನ್ನು ತೂಕ ಇಳಿಸುವ ಪುಡಿಗಳಿಗೆ ಬೆರೆಸಿ ಮಾರಿದರು. ಹೃದಯಾಘಾತ, ಪಾರ್ಶ್ವವಾಯುಗಳ ವರದಿಗಳು ಬಂದು 2004ರಲ್ಲಿ ಅಂಥ ಪುಡಿಗಳನ್ನು ಅಲ್ಲಿ ನಿಷೇಧಿಸಿದರು. ದಮ್ಮು ಇಳಿಸಿದ್ದೂ ಹೃದಯ ಕೆಡಿಸಿದ್ದೂ ಒಂದೇ ಅಣು. ಅಡ್ಡ ಪರಿಣಾಮವಿಲ್ಲದ ಗಿಡಮೂಲಿಕೆ ಎಂದು ಯಾರಾದರೂ ಹೇಳಿದರೆ, ಅದಕ್ಕೆ ಪರಿಣಾಮವೂ ಇಲ್ಲ ಎಂದು ನಾನು ಅನುಮಾನಿಸುತ್ತೇನೆ.

ಈಗ ಪೆಟ್ಟಿಗೆಗೆ ಬರೋಣ. 2003ರ ಸಾರ್ಸ್ ಕಾಲದಲ್ಲಿ ಹೆಬೈ ಪ್ರಾಂತ್ಯದ ಷಿಜಿಯಾಝುವಾಂಗ್ ನಗರದ ಯಿಲಿಂಗ್ ಎಂಬ ಕಂಪನಿ ಆ ನಾಲ್ಕರ ಕಷಾಯವನ್ನೂ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವು ಜುತೊಂಗ್ ಬರೆದಿಟ್ಟ ಹನಿಸಕಲ್ ಹೂ ಮತ್ತು ಫಾರ್ಸೈಥಿಯಾ ಕಾಯಿಯ ಚೂರ್ಣವನ್ನೂ ಆಧಾರವಾಗಿಟ್ಟುಕೊಂಡು, ಮೇಲೆ ಇನ್ನಷ್ಟು ಸೇರಿಸಿ, ಹದಿಮೂರು ದ್ರವ್ಯಗಳ ಕ್ಯಾಪ್ಸೂಲ್ ಮಾಡಿತು. ಅದಕ್ಕೆ ಲಿಯಾನ್‌ಹುವಾ ಚಿಂಗ್‌ವೆನ್ ಎಂದು ಹೆಸರಿಟ್ಟರು. ಚಿಂಗ್‌ವೆನ್ ಎಂದರೆ ಪಿಡುಗನ್ನು ತೊಳೆಯುವುದು. ಕಂಪನಿ ಕಟ್ಟಿದ ವು ಯಿಲಿಂಗ್ ಸ್ವತಃ ವೈದ್ಯ, ಚೀನಾದ ಎಂಜಿನಿಯರಿಂಗ್ ಅಕಾಡೆಮಿಯ ಸದಸ್ಯ. 2020ರಲ್ಲಿ ಸರ್ಕಾರ ಕೋವಿಡ್‌ಗೆ 'ಮೂರು ಔಷಧ, ಮೂರು ಕಷಾಯ' ಎಂದು ಸಾರಿದಾಗ ಆ ಮೂರು ಔಷಧಗಳಲ್ಲಿ ಇದೂ ಒಂದು. ಆ ವರ್ಷದ ಜೂನ್‌ನಲ್ಲಿ ಹೊರಬಂದ ಸರ್ಕಾರದ ಶ್ವೇತಪತ್ರ, ದೃಢಪಟ್ಟ ರೋಗಿಗಳಲ್ಲಿ 92% ಮಂದಿಗೆ ಚೀನೀ ಔಷಧ ಕೊಡಲಾಯಿತು ಎಂದಿತು. ಬಹುಪಾಲು ಜನ ಗುಣವಾದರು. ಔಷಧದಿಂದ ಗುಣವಾದರೇ?

ನೆಗಡಿಗೆ ಮದ್ದು ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ ಎಂಬ ಮಾತು ನಮ್ಮಲ್ಲಿದೆಯಲ್ಲ, ಉಸಿರಾಟದ ವೈರಸ್ಸುಗಳ ಔಷಧ ಸಂಶೋಧನೆಯ ಕಷ್ಟವೆಲ್ಲ ಅದರಲ್ಲಿದೆ. ತನ್ನಷ್ಟಕ್ಕೆ ತಾನೇ ವಾಸಿಯಾಗುವ ರೋಗಕ್ಕೆ ಔಷಧ ಕೊಟ್ಟವನು ಎಂದೂ ಸೋಲುವುದಿಲ್ಲ. ವುಹಾನಿನ ಜಿಯಾಂಗ್‌ಷಿಯಾದಲ್ಲಿ ಚೀನೀ ವೈದ್ಯರೇ ನಡೆಸಿದ ತಾತ್ಕಾಲಿಕ ಆಸ್ಪತ್ರೆಗೆ 564 ರೋಗಿಗಳು ಬಂದರು, ಒಬ್ಬರ ಸ್ಥಿತಿಯೂ ಬಿಗಡಾಯಿಸಲಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಅಲ್ಲಿಗೆ ಸೇರಿಸಿಕೊಂಡದ್ದೇ ಸೌಮ್ಯ ರೋಗಿಗಳನ್ನು. ಪಕ್ಕದಲ್ಲಿ ಹೋಲಿಸಿ ನೋಡಲು ಔಷಧವಿಲ್ಲದ ಗುಂಪು ಇರಲಿಲ್ಲ. ಆ ತಂಡದ ಮುಂದಾಳು ಝಾಂಗ್ ಬೋಲಿ ಎಪ್ಪತ್ತು ದಾಟಿದ ಮುದುಕ. ಕೆಲಸದ ನಡುವೆಯೇ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಕರ್ತವ್ಯಕ್ಕೆ ಹಾಜರಾದವರು. ಅವರ ನಿಷ್ಠೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ನಿಷ್ಠೆ ಹೋಲಿಕೆಯ ಗುಂಪಾಗುವುದಿಲ್ಲ, ಅಷ್ಟೇ.

ಹೋಲಿಕೆ ಮಾಡಿದ ಅಧ್ಯಯನಗಳು ಇಲ್ಲವೆಂದಲ್ಲ. ಕ್ಯಾಪ್ಸೂಲಿನ ಮೊದಲ ದೊಡ್ಡ ಕೋವಿಡ್ ಪ್ರಯೋಗ 2020ರಲ್ಲಿ ಬಂತು: 284 ರೋಗಿಗಳು, ಅರ್ಧದಷ್ಟು ಜನರಿಗೆ ಮಾಮೂಲಿ ಆರೈಕೆ, ಇನ್ನರ್ಧಕ್ಕೆ ಅದರ ಜೊತೆಗೆ ಕ್ಯಾಪ್ಸೂಲ್. ಲಕ್ಷಣಗಳು ಹೋಗಲು ಔಷಧದ ಗುಂಪಿಗೆ 7 ದಿನ, ಇನ್ನೊಂದಕ್ಕೆ 10 ದಿನ. ಆದರೆ ವೈರಸ್ಸು ಮಾಯವಾಗುವುದರಲ್ಲಿ ವ್ಯತ್ಯಾಸವಿಲ್ಲ, ರೋಗ ತೀವ್ರವಾಗುವುದರಲ್ಲೂ ಇಲ್ಲ. ಔಷಧ ಯಾರಿಗೆ ಸಿಕ್ಕಿತೆಂಬುದು ರೋಗಿಗೂ ಗೊತ್ತು, ವೈದ್ಯರಿಗೂ ಗೊತ್ತು. ಸುಸ್ತು ಕಡಿಮೆಯಾಯಿತೇ ಎಂದು ಕೇಳಿದಾಗ ಹೊಸ ಔಷಧ ನುಂಗಿದವನು ಹೌದೆನ್ನುವುದು ಮನುಷ್ಯಸಹಜ.

ಇದಕ್ಕಿಂತ ಹಳೆಯದಾದ ಒಂದು ಅಧ್ಯಯನ ನನಗೆ ಹೆಚ್ಚು ಇಷ್ಟ. 2009ರ ಎಚ್1ಎನ್1 ಜ್ವರದ ಕಾಲದ್ದು, ಪ್ರಕಟವಾದದ್ದು 2011ರಲ್ಲಿ. ಕ್ಯಾಪ್ಸೂಲಿನ ಹಿಂದಿರುವ ಅದೇ ಎರಡು ಹಳೆಯ ಯೋಗಗಳನ್ನು, ಎಂದರೆ ಮದ್ದಿನ ಪಾಕಗಳನ್ನು, ಬೆರೆಸಿದ ಕಷಾಯ. 410 ಮಂದಿಯನ್ನು ನಾಲ್ಕು ಗುಂಪು ಮಾಡಿದರು. ವೈರಸ್ಸಿನ ಮೇಲೆ ಏನನ್ನೂ ಕೊಡದವರಿಗೆ ಜ್ವರ ಇಳಿಯಲು 26 ಗಂಟೆ ಬೇಕಾಯಿತು, ಓಸೆಲ್ಟಾಮಿವಿರ್ ಎಂಬ ಫ್ಲೂ ವೈರಸ್ಸಿನ ಔಷಧ ನುಂಗಿದವರಿಗೆ 20, ಕಷಾಯ ಕುಡಿದವರಿಗೆ 16, ಎರಡನ್ನೂ ತೆಗೆದುಕೊಂಡವರಿಗೆ 15. ಜ್ವರ ಎಂದರೆ ಥರ್ಮಾಮೀಟರಿನ ಮಾತು, ಅಭಿಪ್ರಾಯದ ಮಾತಲ್ಲ. ಆದರೂ ಎರಡು ತೊಡಕುಗಳಿವೆ. ಕುಡಿಯಲು ಅಷ್ಟೇ ಕಹಿಯಾದ, ಅಷ್ಟೇ ಗಾಢ ವಾಸನೆಯ, ಆದರೆ ಮದ್ದಿಲ್ಲದ ಹುಸಿ ಕಷಾಯವನ್ನು ಹೋಲಿಕೆಗೆಂದು ಯಾರೂ ಕಾಯಿಸಿಕೊಡಲಿಲ್ಲ. ಮತ್ತೆ, ಬೆವರಿಸಿ ಜ್ವರ ಇಳಿಸುವುದಕ್ಕೂ ವೈರಸ್ಸನ್ನು ಹೊಡೆಯುವುದಕ್ಕೂ ಅಂತರವಿದೆ. ನಮ್ಮ ಪ್ಯಾರಸಿಟಮಾಲ್ ಕೂಡ ಜ್ವರ ಇಳಿಸುತ್ತದೆ. ಅದನ್ನು ಯಾರೂ ವೈರಸ್‌ನಾಶಕ ಎಂದು ಕರೆಯುವುದಿಲ್ಲ.

ಕ್ಯಾಪ್ಸೂಲಿಗಾದರೆ ಹುಸಿ ಜೋಡಿಯನ್ನು ಮಾಡಬಹುದು. ಕೊನೆಗೂ ಮಾಡಿದರು. ಚೀನಾ, ಥಾಯ್ಲೆಂಡ್, ಫಿಲಿಪ್ಪೀನ್ಸ್, ವಿಯೆಟ್ನಾಂಗಳಲ್ಲಿ 815 ಮಂದಿಯ ಮೇಲೆ ನಡೆದ, ಯಾರಿಗೆ ಯಾವುದೆಂದು ಮುಚ್ಚಿಟ್ಟ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಮುಖ್ಯ ಲಕ್ಷಣಗಳು ಹೋಗಲು 4 ದಿನ, ಹುಸಿ ಔಷಧಕ್ಕೆ 6.7 ದಿನ. ನಾನು ಇದನ್ನು ತಳ್ಳಿಹಾಕುವುದಿಲ್ಲ. ಎಫೆಡ್ರಿನ್ ಇದೆ, ಮೆಂಥಾಲ್ ಇದೆ. ಕೆಮ್ಮು, ಕಟ್ಟಿದ ಮೂಗು ಸ್ವಲ್ಪ ಬೇಗ ಸಡಿಲವಾಗುವುದರಲ್ಲಿ ಅಚ್ಚರಿಯಿಲ್ಲ. ಸೌಮ್ಯ ರೋಗದಲ್ಲಿ ಎರಡು ಮೂರು ದಿನದ ನೆಮ್ಮದಿ. ಇಷ್ಟೇ ಹೇಳಿಕೊಂಡು ಮಾರಿದ್ದರೆ ನಾನು ಈ ಭಾಷಣಕ್ಕೆ ಬರುತ್ತಲೇ ಇರಲಿಲ್ಲ. ತೀವ್ರ ರೋಗದ ಕತೆ ಬೇರೆ. ಸಾರ್ಸ್ ಮುಗಿದ ಮೇಲೆ ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕೋಕ್ರೇನ್ ಸಂಸ್ಥೆ 640 ರೋಗಿಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಚೀನೀ ಔಷಧ ಸೇರಿಸಿದ್ದರಿಂದ ಸಾವು ಕಡಿಮೆಯಾದದ್ದು ಅದಕ್ಕೆ ಕಾಣಲಿಲ್ಲ.

2022ರ ಏಪ್ರಿಲ್‌ನಲ್ಲಿ ಶಾಂಘೈ ಬಾಗಿಲು ಹಾಕಿಕೊಂಡಿತು. ತರಕಾರಿಯಿಲ್ಲ, ಹಾಲಿಲ್ಲ ಎಂದು ಜನ ಕಿಟಕಿಗಳಿಂದ ಕೂಗುತ್ತಿದ್ದರು. ಆಗ ಮನೆಮನೆಗೆ ಬಂದ ಸಾಮಾನಿನಲ್ಲಿ ಈ ಕ್ಯಾಪ್ಸೂಲಿನ ಪೆಟ್ಟಿಗೆಯೂ ಇತ್ತು. ರೋಗವಿದ್ದವರಿಗೂ ಇಲ್ಲದವರಿಗೂ. ದೊಡ್ಡ ಉದ್ಯಮಿಯ ಮಗನೊಬ್ಬ ಇದನ್ನು ಪ್ರಶ್ನಿಸಿದ ಮೇಲೆ ಕಂಪನಿಯ ಷೇರು ಬಿದ್ದಿತು. ಕೆಲವು ದಿನಗಳಲ್ಲಿ ವೈಬೊ ಎಂಬ ಚೀನೀ ಸಾಮಾಜಿಕ ಜಾಲತಾಣದಲ್ಲಿ ಅವನ ಖಾತೆಯೇ ಇಲ್ಲವಾಯಿತು. ದಿಂಗ್‌ಷಿಯಾಂಗ್ ಎಂಬ ವೈದ್ಯಕೀಯ ಮಾಹಿತಿ ಸಂಸ್ಥೆ, ಕೋವಿಡ್ ಬಾರದಂತೆ ತಡೆಯಲು ಇದನ್ನು ನುಂಗಬೇಡಿ ಎಂದು ಬರೆಯಿತು. ಆಗಸ್ಟ್‌ನಲ್ಲಿ ಅದರ ಖಾತೆಗಳಿಗೂ ಬೀಗ ಬಿತ್ತು. ಸಿಂಗಪುರದ ಔಷಧ ನಿಯಂತ್ರಕರು ಮಾತ್ರ ನೇರವಾಗಿ ಹೇಳಿದ್ದರು: ನೆಗಡಿ, ಜ್ವರದ ಲಕ್ಷಣಗಳಿಗೆ ಮಾರಿ, ಕೋವಿಡ್‌ಗೆಂದು ಹೇಳಿಕೊಂಡು ಮಾರುವಂತಿಲ್ಲ.

ನನಗೆ ಇಲ್ಲಿ ಕಾಣುವುದು ವಿಜ್ಞಾನಕ್ಕಾದ ಅವಮಾನ ಒಂದೇ ಅಲ್ಲ. ಝಾಂಗ್ ಝೋಂಗ್‌ಜಿಂಗ್ ಎದ್ದು ಬಂದು ಆ ಪೆಟ್ಟಿಗೆಯನ್ನು ನೋಡಿದ್ದರೆ ಮೊದಲು ಸಿಟ್ಟಾಗುತ್ತಿದ್ದವನು ಅವನೇ. ನಾಡಿ ಹಿಡಿಯಲಿಲ್ಲ, ನಾಲಿಗೆ ನೋಡಲಿಲ್ಲ. ಚಳಿ ಹತ್ತಿದವನಿಗೂ ಉಷ್ಣ ಏರಿದವನಿಗೂ, ಇಪ್ಪತ್ತರ ಹುಡುಗನಿಗೂ ಎಂಬತ್ತರ ಅಜ್ಜಿಗೂ ಅದೇ ಹದಿಮೂರು ದ್ರವ್ಯ, ಅದರೊಳಗೆ ಭೇದಿ ತರಿಸುವ ರೇವಲ್ಚಿನ್ನಿ ಬೇರೆ. ಪ್ರಶ್ನೆ ಕೇಳಿದವರಿಗೆ 'ಇದು ಪ್ರತಿ ರೋಗಿಯ ಪ್ರಕೃತಿ ನೋಡಿ ಕೊಡುವ ವೈದ್ಯ, ನಿಮ್ಮ ಪ್ರಯೋಗಗಳ ಅಳತೆಗೆ ಸಿಗದು' ಎನ್ನುತ್ತಾರೆ. ಮಾರುವಾಗ ಲಕ್ಷಗಟ್ಟಲೆ ಜನರಿಗೆ ಒಂದೇ ಅಳತೆ. ಪರಂಪರೆಯ ಪರೀಕ್ಷೆಯಿಂದಲೂ ಪ್ರಯೋಗಾಲಯದ ಪರೀಕ್ಷೆಯಿಂದಲೂ ಒಟ್ಟಿಗೆ ತಪ್ಪಿಸಿಕೊಳ್ಳುವ ಜಾಣತನವಿದು.

ಪೆಟ್ಟಿಗೆ ಹಂಚಲು ಸಿಕ್ಕಿದ ಆ ಕೈಗಳು ಲಸಿಕೆಯ ಸೂಜಿ ಹಿಡಿದು ಮುದುಕರ ಮನೆಗಳಿಗೆ ಹೋಗಬಹುದಿತ್ತು. 2022ರ ನವೆಂಬರ್‌ನಲ್ಲಿ, ಎಲ್ಲ ನಿರ್ಬಂಧಗಳನ್ನು ತೆಗೆಯುವ ಕೆಲವೇ ವಾರಗಳ ಮೊದಲು, ಎಂಬತ್ತು ದಾಟಿದ ಚೀನೀಯರಲ್ಲಿ ಬೂಸ್ಟರ್ ಲಸಿಕೆ ಪಡೆದವರು ಸುಮಾರು 40% ಮಾತ್ರ. ಡಿಸೆಂಬರ್‌ನಲ್ಲಿ ಅಲೆ ಅಪ್ಪಳಿಸಿದಾಗ ಅಂಗಡಿಗಳಲ್ಲಿ ಈ ಕ್ಯಾಪ್ಸೂಲ್ ಇರಲಿಲ್ಲ, ಐಬುಪ್ರೊಫೆನ್ ಇರಲಿಲ್ಲ, ಡಬ್ಬಿಯಲ್ಲಿ ಬರುವ ಹಳದಿ ಪೀಚ್ ಹಣ್ಣೂ ಇರಲಿಲ್ಲ. ಈಶಾನ್ಯ ಚೀನಾದಲ್ಲಿ ಜ್ವರ ಬಂದ ಮಕ್ಕಳಿಗೆ ತಾಯಂದಿರು ಆ ಹಣ್ಣನ್ನು ತಿನ್ನಿಸುತ್ತಿದ್ದರಂತೆ. ಮೂರರಲ್ಲಿ ಅದೊಂದರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ.

ಚೀನೀ ಮೂಲಿಕೆಯಿಂದ ಮಲೇರಿಯಾಕ್ಕೆ ಮದ್ದು ಕಂಡುಹಿಡಿದ ವಿಜ್ಞಾನಿ ತು ಯೂಯೂ ಅವರ ಮಾತೇಕೆ ಎತ್ತಲಿಲ್ಲ ಎಂದು ಯಾರಾದರೂ ಕೇಳುತ್ತೀರಿ, ನಾನೇ ಎತ್ತಿಬಿಡುತ್ತೇನೆ. ಮಲೇರಿಯಾ ವೈರಸ್ ರೋಗವಲ್ಲ, ಆದರೂ ವಾದ ಯಾವಾಗಲೂ ಅಲ್ಲಿಗೇ ಹೋಗುತ್ತದೆ. ನಾಲ್ಕನೆಯ ಶತಮಾನದ ಚೀನೀ ವೈದ್ಯ ಗೆ ಹೋಂಗ್ ಬರೆದಿದ್ದ: ಒಂದು ಹಿಡಿ ಚಿಂಗ್‌ಹಾವ್ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನು ಕುಡಿ. ಕುದಿಸು ಎಂದಿಲ್ಲ. ಅದನ್ನು ಓದಿದ ತು, ಶಾಖ ಮದ್ದನ್ನು ಕೆಡಿಸುತ್ತಿರಬಹುದೆಂದು ಊಹಿಸಿ ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್ 4ರಂದು 191ನೆಯ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿಯಾಗಿ ನಿಲ್ಲಿಸಿತು. ಮೊದಲು ತಮ್ಮ ಮೈಮೇಲೆಯೇ ಪ್ರಯೋಗಿಸಿ ನೋಡಿದರು. 2015ರಲ್ಲಿ ನೊಬೆಲ್. ಪರಂಪರೆಗೆ ಸಂದ ಗೌರವವೇ ಇದು? ಅರ್ಧ ಹೌದು. ಅವರ ತಂಡ ಎರಡು ಸಾವಿರಕ್ಕೂ ಹೆಚ್ಚು ಹಳೆಯ ಯೋಗಗಳನ್ನು ಜಾಲಾಡಿತ್ತು. ಉಳಿದವನ್ನು ಕೈಬಿಡುವ ಧೈರ್ಯಕ್ಕೂ ಆ ಪದಕದಲ್ಲಿ ಪಾಲಿದೆ.

ನಾವು ನಗುವ ಸ್ಥಿತಿಯಲ್ಲಿಲ್ಲ. ಅದೇ 2020ರಲ್ಲಿ ನಮ್ಮಲ್ಲಿ ಆರ್ಸೆನಿಕಮ್ ಆಲ್ಬಮ್ ಎಂಬ ಹೋಮಿಯೋಪತಿ ಗುಳಿಗೆಗಳನ್ನು ಹಂಚಿದ್ದು ನೆನಪಿರಬೇಕು. ಅಮೃತಬಳ್ಳಿಯನ್ನು ದಿನವೂ ಅರೆದು ಕುಡಿದ ಆರು ಮಂದಿಗೆ ಯಕೃತ್ತಿನ ಉರಿಯೂತವಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ನಮ್ಮ ಮನೆಯ ಕಪಾಟಿನಲ್ಲೂ ಆ ವರ್ಷ ಮೂರು ಬಗೆಯ ಕಷಾಯದ ಪುಡಿ ಇತ್ತು. ತಂದವನು ನಾನೇ.

ಪ್ರಶ್ನೋತ್ತರಕ್ಕೆ ಬಂದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: "ಹಾಗಾದರೆ ಶುಂಠಿ ಮೆಣಸಿನ ಕಷಾಯ ಕುಡಿಯಬೇಕೋ ಬೇಡವೋ?" ಕುಡಿಯಿರಿ ಎಂದೆ. ಗಂಟಲಿಗೆ ಹಿತ, ಮೈಗೆ ನೀರು. ಉಸಿರು ಸಿಕ್ಕಿಕೊಂಡರೆ, ಮೂರು ದಿನಕ್ಕೂ ಜ್ವರ ಬಿಡದಿದ್ದರೆ ಲೋಟ ಕೆಳಗಿಟ್ಟು ವೈದ್ಯರ ಬಳಿ ಹೋಗಿ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಜ್ಯೇಷ್ಠಮಧುವನ್ನು ದಿನವೂ ಬೆರೆಸಬೇಡಿ.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು, ನಾನು ಮರೆತಿದ್ದ ಒಂದು ವಿಷಯಕ್ಕೆ ಕೈ ಹಾಕಿದರು. ಬೆಲ್ಜಿಯಂನಲ್ಲಿ ಚೀನೀ ಮೂಲಿಕೆ ತಿಂದವರ ಮೂತ್ರಪಿಂಡ ಕೆಟ್ಟಿದ್ದನ್ನು ಅವರು ಓದಿದ್ದರು. ನಿಜ. 1990ರ ದಶಕದ ಆರಂಭದಲ್ಲಿ, ತೂಕ ಇಳಿಸುವ ಚಿಕಿತ್ಸಾಲಯವೊಂದರಲ್ಲಿ ಒಂದು ಮೂಲಿಕೆಯ ಬದಲು ಹೆಸರಿನಲ್ಲಿ ಅದನ್ನೇ ಹೋಲುವ ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿಹೋಗಿ, ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಕೆಟ್ಟಿತು. ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. "ಅದೇ ಜಾತಿಯ ಈಶ್ವರಿ ಬಳ್ಳಿ ನಮ್ಮ ಹಿತ್ತಿಲಲ್ಲಿದೆ, ಹಾವಿನ ವಿಷಕ್ಕೆಂದು ನಮ್ಮ ಅತ್ತೆ ನೆಟ್ಟಿದ್ದು. ಕಿತ್ತುಹಾಕಲೇ?" ಎಂದು ಕೇಳಿದರು.

ಬೇಡ ಎಂದೆ. ಅದರಲ್ಲೂ ಅದೇ ಅರಿಸ್ಟೊಲೋಕಿಕ್ ಆಮ್ಲವಿದೆ, ಆದ್ದರಿಂದ ಯಾರೂ ತಿನ್ನಬಾರದು, ಹಾವು ಕಚ್ಚಿದರೆ ಆಸ್ಪತ್ರೆಗೇ ಹೋಗಬೇಕು. ಆದರೆ ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಆ ಬಳ್ಳಿಯ ಜಾತಿಯ ಮೇಲೆ. ಅದರ ಕಂಬಳಿಹುಳು ಆ ವಿಷವನ್ನು ತಿಂದು ಮೈಯೊಳಗೆ ಇಟ್ಟುಕೊಳ್ಳುತ್ತದೆ. ಆ ಕಹಿಗೆ ಹೆದರಿ ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ಮಳೆ ನಿಂತ ಮೇಲೆ ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಿ, ಮೊಟ್ಟೆ ಕಂಡರೆ ನನಗೂ ಹೇಳಿ ಕಳುಹಿಸಿ ಎಂದೆ.